ಪುಟ್ ಯಾಕೆ, ಬಟ್ ಯಾಕೆ? ಇಂಗ್ಲಿಷ್ ಸ್ಪೆಲಿಂಗಿನ ಗಂಟು ಬಿಡಿಸುವ ದಾರಿ

ಪಿ-ಯು-ಟಿ ಪುಟ್ ಆದರೆ ಬಿ-ಯು-ಟಿ ಯಾಕೆ ಬುಟ್ ಅಲ್ಲ? ಜಿ-ಓ ಗೋ ಆದರೆ ಡಿ-ಓ ಯಾಕೆ ಡೂ? ಇಂಗ್ಲಿಷ್ ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಅದು ಹಾಗೇನೇ, ಬಾಯಿಪಾಠ ಮಾಡು." ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಬಾಯಿಪಾಠವೇ ಗತಿ ಎನ್ನುವ ಪದಗಳು ಇವೆ, ನಿಜ. ಆದರೆ ನಾವು ಅಂದುಕೊಂಡಷ್ಟು ಇಲ್ಲ.

ಕನ್ನಡದಲ್ಲಿ ಹೆಚ್ಚುಕಮ್ಮಿ ಹೇಳಿದ ಹಾಗೆ ಬರೆಯುತ್ತೇವೆ, ಬರೆದ ಹಾಗೆ ಓದುತ್ತೇವೆ. ಕಾಗುಣಿತ ಬಂದರೆ ಅರ್ಧ ಕೆಲಸ ಮುಗಿಯಿತು. ಅದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋದಾಗ ಮುಗ್ಗರಿಸುತ್ತೇವೆ. ಯಾಕೆಂದರೆ ಅಲ್ಲಿ ಸ್ಪೆಲಿಂಗ್ ಸದ್ದಿನ ಜೊತೆಗೆ ಇನ್ನೂ ಮೂರು ವಿಷಯ ಹೇಳುತ್ತದೆ: ಪದ ಎಲ್ಲಿಂದ ಬಂತು, ಅದರ ನೆಂಟರು ಯಾರು, ಅಕ್ಷರ ಪದದೊಳಗೆ ಎಲ್ಲಿ ಕೂತಿದೆ. ಪದದ ಜಾತಕ ಇದ್ದ ಹಾಗೆ ಅದು. ಜಾತಕ ಓದಲು ಕಲಿತರೆ ಬಾಯಿಪಾಠದ ಹೊರೆ ಇಳಿಯುತ್ತದೆ.

ಒಂದು ಸೂಚನೆ. ಇಂಗ್ಲಿಷ್ ಪದಗಳ ಅಕ್ಷರಗಳನ್ನು ಇಲ್ಲಿ ಗೆರೆ ಹಾಕಿ ಬಿಡಿಸಿದ್ದೇನೆ. ಕೆ-ಎನ್-ಇ-ಇ ಎಂದರೆ ನೀ, ಅಂದರೆ ಮಂಡಿ. ಓದುವಾಗ ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡುತ್ತಾ ಹೋಗಿ. ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ.

ಏನೇನು ಬೇಕು?

ಒಂದು ನೋಟ್‌ಬುಕ್. ಪದದ ಮೂಲವನ್ನೂ ತಿಳಿಸುವ ಒಂದು ನಿಘಂಟು, ಮೊಬೈಲಿನಲ್ಲಿದ್ದರೂ ಆಗುತ್ತದೆ. ದಿನಕ್ಕೆ ಹದಿನೈದು ನಿಮಿಷ. ಜೊತೆಗೆ ನೀವು ಈ ಹಿಂದೆ ಬರೆದ ಹತ್ತು ಹದಿನೈದು ಮೇಲ್ ಅಥವಾ ಪತ್ರ. ಅವು ಯಾಕೆ ಎಂಬುದು ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಕಿವಿಯನ್ನು ಪೂರ್ತಿ ನಂಬಬೇಡಿ

ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದುಗಳು ಸುಮಾರು 44. ಇದೇ ಮೊದಲ ತೊಡಕು. ಒಂದೊಂದು ಅಕ್ಷರಕ್ಕೂ ಎರಡು ಮೂರು ಕೆಲಸ ಬಿದ್ದಿದೆ.

ಎರಡನೆಯ ತೊಡಕು ಕಾಲದ್ದು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಯಂತ್ರ ಹೂಡಿದ. ಇಂಗ್ಲೆಂಡಿಗೆ ಅದೇ ಮೊದಲನೆಯದು. ಅಚ್ಚು ಬಂದ ಮೇಲೆ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಯಿತು. ಆದರೆ ಅದೇ ಹೊತ್ತಿನಲ್ಲಿ ಜನರ ಬಾಯಲ್ಲಿ ಉಚ್ಚಾರ ಬದಲಾಗುತ್ತಿತ್ತು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಭಾಷಾ ವಿಜ್ಞಾನದಲ್ಲಿ ಇದಕ್ಕೆ 'ಗ್ರೇಟ್ ವವೆಲ್ ಶಿಫ್ಟ್' ಎನ್ನುತ್ತಾರೆ, ಸ್ವರಗಳ ದೊಡ್ಡ ಪಲ್ಲಟ ಅಂತ. ಎನ್-ಎ-ಎಂ-ಇ ಎಂಬ ಪದವನ್ನು ಅದಕ್ಕೆ ಮುಂಚೆ ಹೆಚ್ಚುಕಮ್ಮಿ ನಮ್ಮ 'ನಾಮ'ದ ಹಾಗೇ ಹೇಳುತ್ತಿದ್ದರು. ಸಂಸ್ಕೃತದ ನಾಮಕ್ಕೂ ಅದಕ್ಕೂ ದೂರದ ನಂಟೂ ಇದೆ ಅನ್ನಿ. ಬಾಯಿ 'ನೇಮ್' ಕಡೆಗೆ ಹೋಯಿತು, ಬರಹ 'ನಾಮ'ದಲ್ಲೇ ಉಳಿಯಿತು.

ಈಗ ಗೋ ಮತ್ತು ಡೂ ಕಡೆ ಬನ್ನಿ. ಹಳೆಯ ಇಂಗ್ಲಿಷಿನಲ್ಲಿ ಇವು 'ಗಾನ್' ಮತ್ತು 'ದೋನ್' ಆಗಿದ್ದವು. ಹುಟ್ಟುವಾಗಲೇ ಸ್ವರ ಬೇರೆ. 'ಗಾ' ಮೆಲ್ಲಗೆ 'ಗೋ' ಆಯಿತು, 'ದೋ' ಇನ್ನೊಂದು ಮೆಟ್ಟಿಲು ಹತ್ತಿ 'ಡೂ' ಆಯಿತು. ಬರೆಯುವಾಗ ಎರಡಕ್ಕೂ ಒಂದೇ ಓ ಸಿಕ್ಕಿತು, ಅಷ್ಟೇ.

ಪುಟ್, ಬಟ್ ಕಥೆ ಇನ್ನೂ ಚೆನ್ನಾಗಿದೆ. 17ನೇ ಶತಮಾನದ ತನಕ ಎರಡರಲ್ಲೂ 'ಉ' ಸದ್ದೇ ಇತ್ತು. ಆಮೇಲೆ ಇಂಗ್ಲೆಂಡಿನ ದಕ್ಷಿಣದಲ್ಲಿ ಆ 'ಉ' ಬಹುಪಾಲು ಪದಗಳಲ್ಲಿ 'ಅ' ಕಡೆಗೆ ಜಾರಿತು: ಕಪ್, ಸನ್, ಲಕ್. ಪ, ಬ, ಫ ಹೇಳುವಾಗ ತುಟಿ ಕೆಲಸ ಮಾಡುತ್ತದಲ್ಲ, ಅವುಗಳ ಪಕ್ಕದಲ್ಲಿದ್ದ ಕೆಲವು 'ಉ'ಗಳು ಮಾತ್ರ ಜಾರದೆ ಉಳಿದವು: ಪುಟ್, ಪುಲ್, ಪುಷ್, ಬುಲ್, ಫುಲ್. ಬಟ್ ಉಳಿಯಲಿಲ್ಲ. ಇಂಗ್ಲೆಂಡಿನ ಉತ್ತರದ ಕಡೆ ಇವತ್ತಿಗೂ ಅನೇಕರು 'ಬುಟ್' ಎಂದೇ ಹೇಳುತ್ತಾರೆ. ಅಲ್ಲಿನವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ನೈಫ್, ನೀ, ಯೋಧ ಎನ್ನುವ ಅರ್ಥದ ನೈಟ್ ಪದಗಳ ಮುಂದಿನ ಕೆ ಕೂಡ ಒಂದು ಕಾಲಕ್ಕೆ ಬಾಯಲ್ಲಿತ್ತು. ಕ್ನೀ, ಕ್ನೈಫ್ ಎನ್ನುವಂತೆ. ಜಿ-ಎಚ್ ಜೋಡಿ ಗಂಟಲು ಉಜ್ಜಿ ಬರುವ ಒಂದು ಸದ್ದಾಗಿತ್ತು. ಆ ಸದ್ದು ಭಾಷೆಯಿಂದಲೇ ಹೊರಟುಹೋಯಿತು. ಹೋಗುವಾಗ ಲೈಟ್, ಡಾಟರ್, ಥಾಟ್ ಪದಗಳಲ್ಲಿ ಪೂರ್ತಿ ಮಾಯವಾಯಿತು. ಲಾಫ್, ಕಾಫ್, ಟಫ್, ರಫ್, ಇನಫ್ ಹೀಗೆ ಬೆರಳೆಣಿಕೆಯ ಪದಗಳಲ್ಲಿ 'ಫ್' ಆಗಿ ಉಳಿಯಿತು. ಈ ಐದಾರನ್ನು ನೆನಪಿಟ್ಟುಕೊಳ್ಳಿ, ಉಳಿದ ಕಡೆ ಜಿ-ಎಚ್ ಮೌನಿ ಎಂದುಕೊಂಡರೆ ಹೆಚ್ಚು ತಪ್ಪಾಗುವುದಿಲ್ಲ.

ಹಂತ 2: ಅಕ್ಷರ ಎಲ್ಲಿ ಕೂತಿದೆ ನೋಡಿ

ಹಳೆಯ ತಮಾಷೆಯೊಂದಿದೆ. ಜಿ-ಎಚ್-ಓ-ಟಿ-ಐ ಎಂದು ಬರೆದು 'ಫಿಶ್' ಎಂದು ಓದಬಹುದಂತೆ! ಇನಫ್‌ನ ಜಿ-ಎಚ್ ಫ ಆಗುತ್ತದೆ, ವಿಮೆನ್‌ನ ಓ ಇ ಆಗುತ್ತದೆ, ನೇಷನ್‌ನ ಟಿ-ಐ ಶ ಆಗುತ್ತದೆ. ನಾಟಕಕಾರ ಬರ್ನಾರ್ಡ್ ಶಾ ಹೇಳಿದ್ದು ಎನ್ನುತ್ತಾರೆ. ಆದರೆ ಅವರು ಹುಟ್ಟುವ ಮುಂಚೆ, 1855ರ ಒಂದು ಪತ್ರದಲ್ಲೇ ಇದು ಸಿಗುತ್ತದೆ.

ನಗು ಬರುತ್ತದೆ, ಆದರೆ ವಾದ ನಿಲ್ಲುವುದಿಲ್ಲ. ಪದದ ಶುರುವಿನಲ್ಲಿ ಜಿ-ಎಚ್ ಬಂದರೆ ಅದು ಯಾವತ್ತೂ 'ಗ', ಘೋಸ್ಟ್ ಪದದಲ್ಲಿರುವ ಹಾಗೆ. ಟಿ-ಐ 'ಶ' ಆಗಬೇಕಾದರೆ ಅದರ ಮುಂದೆ ಇನ್ನೊಂದು ಸ್ವರ ಬೇಕು. ಓ 'ಇ' ಆಗುವುದು ವಿಮೆನ್ ಪದದಲ್ಲಿ ಮಾತ್ರ. ಇಂಗ್ಲಿಷ್ ಓದಲು ಬಲ್ಲ ಯಾರೂ ಅದನ್ನು ಫಿಶ್ ಎಂದು ಓದುವುದಿಲ್ಲ. ಸುಮ್ಮನೆ 'ಗೋಟಿ' ಎನ್ನುತ್ತಾರೆ. ಅಂದರೆ ಅಕ್ಷರದ ಸದ್ದನ್ನು ಅದು ಕೂತ ಜಾಗ ಮತ್ತು ಅಕ್ಕಪಕ್ಕದ ಅಕ್ಷರಗಳು ತೀರ್ಮಾನಿಸುತ್ತವೆ. ದಿನಬಳಕೆಗೆ ಬೇಕಾದ ಜಾಗದ ನಿಯಮಗಳು ಇವು.

'ಕ' ಸದ್ದಿಗೆ ಸಿ ಬರೆಯಬೇಕೋ ಕೆ ಬರೆಯಬೇಕೋ? ಮುಂದಿನ ಅಕ್ಷರ ನೋಡಿ. ಇ, ಐ, ವೈ ಮುಂದೆ ಸಿ ಬಂದರೆ ಅದು 'ಸ' ಆಗಿಬಿಡುತ್ತದೆ: ಸಿಟಿ, ಸೆಲ್, ಸೈಕಲ್. ಹಾಗಾಗಿ ಅಲ್ಲಿ 'ಕ' ಬೇಕಿದ್ದರೆ ಕೆ ಹಾಕುತ್ತಾರೆ: ಕಿಂಗ್, ಕೀಪ್. ಉಳಿದ ಕಡೆ ಬಹುಪಾಲು ಸಿ: ಕಪ್, ಕೋಲ್ಡ್, ಕ್ಲೀನ್. ಈ ನಿಯಮ ಎಷ್ಟು ಗಟ್ಟಿ ಅಂದರೆ, ಪಿಕ್‌ನಿಕ್ ಪದಕ್ಕೆ ಐ-ಎನ್-ಜಿ ಸೇರಿಸುವಾಗ ನಡುವೆ ಒಂದು ಕೆ ತೂರಿಸುತ್ತಾರೆ: ಪಿ-ಐ-ಸಿ-ಎನ್-ಐ-ಸಿ-ಕೆ-ಐ-ಎನ್-ಜಿ. ಇಲ್ಲದಿದ್ದರೆ ಅದು 'ಪಿಕ್‌ನಿಸಿಂಗ್' ಆಗುತ್ತಿತ್ತು. ಜಿ ವಿಷಯದಲ್ಲಿ ಮಾತ್ರ ಇಷ್ಟು ಭರವಸೆ ಬೇಡ. ಜೆಮ್, ಜೈಂಟ್ ನಿಯಮ ಪಾಲಿಸುತ್ತವೆ. ಗೆಟ್, ಗಿವ್, ಗರ್ಲ್ ಪಾಲಿಸುವುದಿಲ್ಲ.

ಹ್ರಸ್ವ ಸ್ವರ ಆದ ಕೂಡಲೇ ಪದದ ಕೊನೆಗೆ 'ಕ್' ಬಂದರೆ ಸಿ-ಕೆ: ಬ್ಯಾಕ್, ನೆಕ್, ಲಾಕ್. 'ಚ್' ಬಂದರೆ ಟಿ-ಸಿ-ಎಚ್: ಕ್ಯಾಚ್, ಮ್ಯಾಚ್. 'ಜ್' ಬಂದರೆ ಡಿ-ಜಿ-ಇ: ಬ್ರಿಜ್, ಬ್ಯಾಡ್ಜ್. ಸ್ವರ ದೀರ್ಘವಿದ್ದರೆ ಅಥವಾ ನಡುವೆ ಇನ್ನೊಂದು ವ್ಯಂಜನ ಇದ್ದರೆ ಈ ಹೆಚ್ಚುವರಿ ಅಕ್ಷರ ಬೇಡ: ಮಿಲ್ಕ್, ಟೀಚ್, ಬೆಂಚ್, ಪೇಜ್, ಚೇಂಜ್. ತಪ್ಪಿಸಿಕೊಳ್ಳುವ ಪುಂಡರಲ್ಲಿ ಮುಖ್ಯವಾದವರು ನಾಲ್ವರು: ಮಚ್, ಸಚ್, ರಿಚ್, ಮತ್ತು 'ಯಾವುದು' ಎನ್ನುವ ಅರ್ಥದ ವಿಚ್. ಬುಕ್ ಪದಕ್ಕೆ ಯಾಕೆ ಸಿ-ಕೆ ಇಲ್ಲ ಅಂತ ಕೇಳುತ್ತೀರಿ ಅಲ್ವಾ? ಒಂದು ಕಾಲಕ್ಕೆ ಅದು ದೀರ್ಘವಾಗಿತ್ತು.

ಇನ್ನೊಂದು ವಿಚಿತ್ರ. ಇನ್, ಬಿ, ಟು, ಬೈ ಥರದ ಸಣ್ಣಪುಟ್ಟ ವ್ಯಾಕರಣದ ಪದಗಳಿಗೆ ಎರಡು ಅಕ್ಷರ ಸಾಕು. ವಸ್ತು, ಕೆಲಸ, ಗುಣ ಹೇಳುವ ಪದಗಳಿಗೆ ಕಡಿಮೆಯೆಂದರೂ ಮೂರು ಬೇಕು. ಅದಕ್ಕೇ ಎಗ್‌ಗೆ ಎರಡು ಜಿ, ಆಡ್‌ಗೆ ಎರಡು ಡಿ, ಜೇನುನೊಣದ ಬೀಗೆ ಎರಡು ಇ, ಹೋಟೆಲ್ ಎನ್ನುವ ಅರ್ಥದ ಇನ್‌ಗೆ ಎರಡು ಎನ್. ಗೋ, ಡೂ, ಆಕ್ಸ್ ಹೀಗೆ ಕೆಲವೇ ಕೆಲವು ಇದಕ್ಕೆ ಹೊರತು.

ಹಂತ 3: ಪದದ ನೆಂಟರನ್ನು ಹುಡುಕಿ

ಈ ಲೇಖನದಲ್ಲಿ ಒಂದೇ ಹಂತ ಓದಲು ಟೈಮ್ ಇದ್ದರೆ ಇದನ್ನು ಓದಿ.

ಸೈನ್ ಪದದಲ್ಲಿ ಜಿ ಯಾಕಿದೆ? ಎಸ್-ಐ-ಜಿ-ಎನ್. ಕೇಳುವುದೇ ಇಲ್ಲ. ಈಗ ಅದರ ನೆಂಟರನ್ನು ಕರೆಯಿರಿ: ಸಿಗ್ನೇಚರ್, ಸಿಗ್ನಲ್. ಅಲ್ಲಿ 'ಗ್' ಸ್ಪಷ್ಟವಾಗಿ ಕೇಳುತ್ತದೆ. ಇಂಗ್ಲಿಷಿನಲ್ಲಿ ಒಂದೇ ಕುಟುಂಬದ ಪದಗಳು ಉಚ್ಚಾರ ಬದಲಾದರೂ ಸ್ಪೆಲಿಂಗನ್ನು ಆದಷ್ಟು ಹಾಗೇ ಇಟ್ಟುಕೊಳ್ಳುತ್ತವೆ. ಕಣ್ಣಿಗೆ ನಂಟು ಕಾಣಲಿ ಅಂತ. ನಿಮಗೆ ಅನುಮಾನ ಬಂದ ಅಕ್ಷರವನ್ನು ಗಟ್ಟಿಯಾಗಿ ಹೇಳಿಬಿಡುವ ಒಬ್ಬ ನೆಂಟ ಸಾಮಾನ್ಯವಾಗಿ ಇದ್ದೇ ಇರುತ್ತಾನೆ.

ಬಾಂಬ್ ಕೊನೆಯ ಬಿ ಬೊಂಬಾರ್ಡ್‌ನಲ್ಲಿ ಕೇಳುತ್ತದೆ. ಮಸಲ್ ನಡುವಿನ ಸಿ ಮಸ್ಕ್ಯುಲರ್‌ನಲ್ಲಿ. ಕಾಲಂ ಕೊನೆಯ ಎನ್ ಕಾಲಂನಿಸ್ಟ್‌ನಲ್ಲಿ. ಸಾಫನ್ ಪದದ ಟಿ ಸಾಫ್ಟ್‌ನಲ್ಲಿ. ಎರಡು ಎನ್ನುವ ಅರ್ಥದ ಟು ಪದದ ಡಬ್ಲ್ಯು ಟ್ವಿನ್, ಟ್ವೆಲ್ವ್, ಟ್ವೆಂಟಿಗಳಲ್ಲಿ.

ಮೌನ ಅಕ್ಷರಗಳಿಗೆ ಮಾತ್ರ ಅಲ್ಲ, ಸ್ವರ ಯಾವುದು ಎಂಬ ಗೊಂದಲಕ್ಕೂ ಇದೇ ಮದ್ದು. ಗ್ರಾಮರ್ ಪದದ ಕೊನೆಗೆ ಎ-ಆರ್ ಬರಬೇಕೋ ಇ-ಆರ್ ಬರಬೇಕೋ? ಗ್ರಮ್ಯಾಟಿಕಲ್ ಎಂದು ಹೇಳಿ ನೋಡಿ, 'ಮ್ಯಾ' ಕೇಳಿತಲ್ಲ, ಎ-ಆರ್. ಕಾಂಪಿಟಿಷನ್ ನಡುವೆ ಇ-ಯೋ ಐ-ಯೋ? ಕಂಪೀಟ್ ಇದೆಯಲ್ಲ, ಇ. ಡೆಫಿನೆಟ್ ಪದದಲ್ಲಿ ತುಂಬಾ ಜನ ಎ ಹಾಕುತ್ತಾರೆ. ಅದರೊಳಗೆ ಫೈನೈಟ್ ಕೂತಿದೆ, ಎಫ್-ಐ-ಎನ್-ಐ-ಟಿ-ಇ. ಅಲ್ಲಿ ಎ-ಗೆ ಜಾಗವೇ ಇಲ್ಲ. ಗವರ್ನ್‌ಮೆಂಟ್ ಒಳಗೆ ಗವರ್ನ್ ಇದೆ, ಎನ್ ಬಿಡಬೇಡಿ. ಬಿಸ್‌ನೆಸ್ ಅಂದರೆ ಬ್ಯುಸಿ ಜೊತೆ ನೆಸ್, ಬಿ-ಯು-ಎಸ್-ಐ ಆದ ಮೇಲೆ ಎನ್-ಇ-ಎಸ್-ಎಸ್.

ಭೂತಕಾಲದ ಇ-ಡಿ ಕೂಡ ಇದೇ ತತ್ವದ್ದು. ವಾಕ್ಟ್, ಕಾಲ್ಡ್, ವಾಂಟೆಡ್. ಸದ್ದು ಟ್, ಡ್, ಎಡ್ ಎಂದು ಮೂರು ಥರ. ಬರೆಯುವುದು ಒಂದೇ ಥರ, ಯಾಕೆಂದರೆ ಅರ್ಥ ಒಂದೇ.

ಎಚ್ಚರಿಕೆ: ಸುಳ್ಳು ನೆಂಟರಿದ್ದಾರೆ. ಲ್ಯಾಟಿನ್ ಓದಿದ ಪಂಡಿತರು ಮಾಡಿದ ಕಿತಾಪತಿ ಇದು. ಸಾಲ ಎನ್ನುವ ಅರ್ಥದ ಡೆಟ್ ಫ್ರೆಂಚಿನಿಂದ ಬಿ ಇಲ್ಲದೆ ಬಂತು. ಲ್ಯಾಟಿನ್ ಮೂಲ 'ಡೆಬಿಟುಂ' ಎಂದು ತೋರಿಸಿಕೊಳ್ಳಲು ಆಮೇಲೆ ಬಿ ತುರುಕಿದರು. ಡೌಟ್ ಪದದ ಬಿ, ರಿಸೀಟ್ ಪದದ ಪಿ ಕೂಡ ಹೀಗೇ ಹಿಂಬಾಗಿಲಿನಿಂದ ಬಂದವು. ಡೆಬಿಟ್, ರಿಸೆಪ್ಷನ್ ಎಂಬ ನೆಂಟರಾದರೂ ಇಲ್ಲಿ ನಿಜವಾದವರು. ಐಲ್ಯಾಂಡ್ ಪದದ ಎಸ್ ಅದೂ ಅಲ್ಲ. ಅದು ಅಪ್ಪಟ ಇಂಗ್ಲಿಷ್ ಪದ, ಎಸ್ ಇರಲೇ ಇಲ್ಲ. ಫ್ರೆಂಚಿನಿಂದ ಬಂದ ಐಲ್ ಪದದ ಸಂಬಂಧಿ ಅಂದುಕೊಂಡು ಅದರ ಎಸ್ಸನ್ನು ಇದಕ್ಕೂ ಅಂಟಿಸಿದರು. ಕುಡ್ ಪದದ ಎಲ್ ಇನ್ನೂ ಮಜಾ. ವುಡ್‌ಗೆ ವಿಲ್ ಇದೆ, ಶುಡ್‌ಗೆ ಶಲ್ ಇದೆ, ಅಲ್ಲಿಂದ ಎಲ್ ಬಂತು. ಕುಡ್‌ಗೆ ಇರುವುದು ಕ್ಯಾನ್. ಜೊತೆಯವರಿಬ್ಬರಿಗೂ ಇದೆ ಅಂತ ಇವನಿಗೂ ಒಂದು ಎಲ್ ಹೊಲಿಸಿಬಿಟ್ಟರು.

ಇನ್ನು ಮನೆ ಬಿಟ್ಟು ಹೋದ ಮಕ್ಕಳೂ ಇದ್ದಾರೆ. ಪ್ರೊನೌನ್ಸ್‌ನಲ್ಲಿ ಓ-ಯು ಇದೆ, ಪ್ರೊನನ್ಸಿಯೇಷನ್‌ನಲ್ಲಿ ಆ ಜಾಗದಲ್ಲಿ ಬರೀ ಯು. ಫೋರ್‌ನಲ್ಲಿ ಯು ಇದೆ, ಫಾರ್ಟಿಯಲ್ಲಿ ಇಲ್ಲ. ಮೆಂಟೇನ್‌ನ ಎ-ಐ ಮೆಂಟೆನೆನ್ಸ್‌ನಲ್ಲಿ ಬರೀ ಇ ಆಗುತ್ತದೆ. ಇವುಗಳನ್ನು ಬಾಯಿಪಾಠ ಮಾಡುವುದೇ ಸರಿ.

ಹಂತ 4: ಕೊನೆಯ 'ಇ' ಏನು ಕೆಲಸ ಮಾಡುತ್ತಿದೆ?

ಅದು ಸುಮ್ಮನೆ ಕೂತಿಲ್ಲ. ಎಂ-ಎ-ಟಿ ಮ್ಯಾಟ್, ಒಂದು ಇ ಸೇರಿದರೆ ಮೇಟ್. ಹಿಂದಿನ ಸ್ವರವನ್ನು ದೀರ್ಘ ಮಾಡುವುದು ಅದರ ಮುಖ್ಯ ಕೆಲಸ. ಇಂಗ್ಲಿಷಿನಲ್ಲಿ ದೀರ್ಘ ಅಂದರೆ ಅಕ್ಷರ ತನ್ನ ಹೆಸರನ್ನೇ ಹೇಳುವುದು: ನೇಮ್‌ನಲ್ಲಿ ಎ 'ಎ' ಎಂದೇ, ಟೈಮ್‌ನಲ್ಲಿ ಐ 'ಐ' ಎಂದೇ ಕೇಳುತ್ತದೆ.

ಹಾಗಾದರೆ ಹ್ಯಾವ್, ಗಿವ್, ಲವ್ ಪದಗಳಲ್ಲಿ? ಅಲ್ಲಿ ಅದರ ಕೆಲಸ ಬೇರೆ. ಇಂಗ್ಲಿಷ್ ಪದ ವಿ ಅಕ್ಷರದಲ್ಲಿ ಮುಗಿಯುವ ರೂಢಿ ಇಲ್ಲ. ಅದಕ್ಕೆ ಒಂದು ಇ ಕಾವಲು. ಲವ್‌ನಲ್ಲಿ ಯು ಬದಲು ಓ ಯಾಕೆ ಅಂದರೆ, ಹಳೆಯ ಕೈಬರಹದಲ್ಲಿ ಯು, ವಿ, ಎನ್, ಎಂ ಎಲ್ಲವನ್ನೂ ಒಂದೇ ಥರದ ಉದ್ದ ಗೀಟುಗಳಲ್ಲಿ ಬರೆಯುತ್ತಿದ್ದರು. ಪಕ್ಕಪಕ್ಕ ಬಂದರೆ ಬೇಲಿ ಗೂಟದ ಸಾಲಿನ ಹಾಗೆ ಕಾಣುತ್ತಿತ್ತು. ಓದುವವರಿಗೆ ಸಿಗಲಿ ಅಂತ ಯು ತೆಗೆದು ಓ ಹಾಕಿದರು. ಮಗ ಎನ್ನುವ ಅರ್ಥದ ಸನ್, ಕಮ್, ಮಂಕ್, ವಂಡರ್ ಎಲ್ಲಕ್ಕೂ ಇದೇ ಕಾರಣ.

ಬಾಲ ಸೇರಿಸುವಾಗ ಈ ಇ ಏನಾಗುತ್ತದೆ? ಬಾಲ ಅಂದರೆ ಪದದ ಕೊನೆಗೆ ಅಂಟುವ ಐ-ಎನ್-ಜಿ, ಇ-ಡಿ, ಎ-ಬಿ-ಎಲ್-ಇ ಥರದವು, ವ್ಯಾಕರಣದಲ್ಲಿ ಪ್ರತ್ಯಯ. ಬಾಲ ಸ್ವರದಿಂದ ಶುರುವಾದರೆ ಇ ಬಿದ್ದುಹೋಗುತ್ತದೆ: ಹೋಪ್, ಹೋಪಿಂಗ್. ವ್ಯಂಜನದಿಂದ ಶುರುವಾದರೆ ಉಳಿಯುತ್ತದೆ: ಹೋಪ್‌ಫುಲ್. ಆದರೆ ಸಿ ಅಥವಾ ಜಿ ಮೆತ್ತಗೆ, ಅಂದರೆ 'ಸ', 'ಜ' ಆಗಿಯೇ ಉಳಿಯಬೇಕಿದ್ದರೆ ಎ, ಓ ಮುಂದೆ ಇ ಬಿಡುವಂತಿಲ್ಲ: ನೋಟಿಸಬಲ್, ಮ್ಯಾನೇಜಬಲ್, ಕರೇಜಿಯಸ್. ಟ್ರೂಲಿ, ಆರ್ಗ್ಯುಮೆಂಟ್, ನೈನ್ತ್ ಮೂರರಲ್ಲಿ ಇ ಇಲ್ಲ. ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಬರೆದಿಟ್ಟುಕೊಳ್ಳಿ.

ಹಂತ 5: ಒಂದಾ, ಎರಡಾ?

ಬಿಗಿನಿಂಗ್‌ನಲ್ಲಿ ಎರಡು ಎನ್, ವಿಸಿಟಿಂಗ್‌ನಲ್ಲಿ ಒಂದೇ ಟಿ. ಯಾಕೆ?

ಇಲ್ಲಿ ಒತ್ತು ಗಮನಿಸಬೇಕು. ಪದದಲ್ಲಿ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೋ ಅಲ್ಲಿ ಒತ್ತು ಇದೆ. ಇದು ನಮ್ಮ ಒತ್ತಕ್ಷರ ಅಲ್ಲ, ದನಿಯ ಒತ್ತು. ಪದ ಒಂದು ಸ್ವರ, ಒಂದು ವ್ಯಂಜನದಲ್ಲಿ ಮುಗಿದು, ಒತ್ತು ಕೊನೆಯ ಭಾಗದ ಮೇಲಿದ್ದು, ಸ್ವರದಿಂದ ಶುರುವಾಗುವ ಬಾಲ ಸೇರಿದರೆ ಆ ವ್ಯಂಜನ ಡಬಲ್ ಆಗುತ್ತದೆ. ಬಿ-ಗಿನ್: ಒತ್ತು 'ಗಿನ್' ಮೇಲೆ, ಹಾಗಾಗಿ ಡಬಲ್. ವಿ-ಸಿಟ್: ಒತ್ತು 'ವಿ' ಮೇಲೆ, ಹಾಗಾಗಿ ಸಿಂಗಲ್.

ಹತ್ತಿರದಿಂದ ನೋಡಲು ರಿಫರ್ ಪದ ತೆಗೆದುಕೊಳ್ಳಿ. ರಿಫರ್ಡ್ ಎನ್ನುವಾಗ ಒತ್ತು 'ಫರ್' ಮೇಲೇ ಇದೆ: ಆರ್-ಇ-ಎಫ್-ಇ-ಆರ್-ಆರ್-ಇ-ಡಿ. ರೆಫರೆನ್ಸ್ ಎನ್ನುವಾಗ ಒತ್ತು ಓಡಿಹೋಗಿ 'ರೆ' ಮೇಲೆ ಕೂತಿತು. ಡಬಲ್ ಆರ್ ಮಾಯ: ಆರ್-ಇ-ಎಫ್-ಇ-ಆರ್-ಇ-ಎನ್-ಸಿ-ಇ. ಪ್ರಿಫರ್ಡ್, ಪ್ರೆಫರೆನ್ಸ್ ಕೂಡ ಹೀಗೇ. ಒಂದೇ ಭಾಗದ ಸಣ್ಣ ಪದಗಳಲ್ಲಿ ಒತ್ತಿನ ಚಿಂತೆ ಇಲ್ಲ, ಹಾಪ್ ಹಾಪಿಂಗ್ ಆಗುವಾಗ ಎರಡು ಪಿ. ಒಂದೇ ಪಿ ಬರೆದರೆ ಅದು ಹೋಪಿಂಗ್ ಆಗುತ್ತದೆ, ಕುಪ್ಪಳಿಸುವ ಕಪ್ಪೆ ಆಸೆಪಡಲು ಶುರುಮಾಡುತ್ತದೆ.

ಡಬ್ಲ್ಯು, ಎಕ್ಸ್, ವೈ ಡಬಲ್ ಆಗುವುದಿಲ್ಲ: ಶೋಯಿಂಗ್, ಫಿಕ್ಸಿಂಗ್, ಪ್ಲೇಯಿಂಗ್. ಬ್ರಿಟಿಷ್ ರೂಢಿಯಲ್ಲಿ ಎಲ್ ಒತ್ತನ್ನು ಕೇಳದೆ ಡಬಲ್ ಆಗುತ್ತದೆ: ಟ್ರಾವೆಲ್ಡ್‌ಗೆ ಎರಡು ಎಲ್. ಅಮೆರಿಕದವರು ನಿಯಮದಂತೆ ಒಂದೇ ಬರೆಯುತ್ತಾರೆ.

ಹಂತ 6: ಐ ಮೊದಲಾ, ಇ ಮೊದಲಾ?

'ಐ ಮೊದಲು ಇ ಆಮೇಲೆ, ಸಿ ಆದ ಮೇಲೆ ಉಲ್ಟಾ' ಎಂಬ ಸೂತ್ರ ಕೇಳಿರುತ್ತೀರಿ. ಅರ್ಧ ಸೂತ್ರ ಅದು. ಉಳಿದರ್ಧ ಯಾರೂ ಹೇಳುವುದಿಲ್ಲ: ಸದ್ದು 'ಈ' ಇದ್ದರೆ ಮಾತ್ರ. ಬಿಲೀವ್, ಫೀಲ್ಡ್ ಐ-ಇ. ರಿಸೀವ್, ಸೀಲಿಂಗ್ ಇ-ಐ. ತೂಕ ಎನ್ನುವ ಅರ್ಥದ ವೇಟ್, ನೇಬರ್, ಹೈಟ್, ಫಾರಿನ್ ಪದಗಳಲ್ಲಿ 'ಈ' ಸದ್ದಿಲ್ಲ, ಸೂತ್ರ ಅಲ್ಲಿಗೆ ಅನ್ವಯಿಸುವುದೇ ಇಲ್ಲ. ಸೀಜ್, ವಿಯರ್ಡ್, ಪ್ರೋಟೀನ್, ಕೆಫೀನ್ ಮಾತು ಕೇಳದವು, ನಾಲ್ಕರಲ್ಲೂ ಇ-ಐ.

ಹಂತ 7: 'ಷನ್' ಬಾಲ

ಮನುಷ್ಯರಾದರೆ ಸಿ-ಐ-ಎ-ಎನ್: ಮ್ಯುಸಿಷಿಯನ್, ಎಲೆಕ್ಟ್ರಿಷಿಯನ್. ಕ್ರಿಯಾಪದ ಡಿ ಅಥವಾ ಡಿ-ಇ ಯಲ್ಲಿ ಮುಗಿದರೆ ಎಸ್-ಐ-ಓ-ಎನ್: ಡಿಸೈಡ್ ಡಿಸಿಷನ್, ಎಕ್ಸ್‌ಪ್ಯಾಂಡ್ ಎಕ್ಸ್‌ಪ್ಯಾನ್ಷನ್. ಎಂ-ಐ-ಟಿ ಅಥವಾ ಎರಡು ಎಸ್‌ನಲ್ಲಿ ಮುಗಿದರೆ ಎಸ್-ಎಸ್-ಐ-ಓ-ಎನ್: ಪರ್ಮಿಟ್ ಪರ್ಮಿಷನ್, ಡಿಸ್ಕಸ್ ಡಿಸ್ಕಷನ್. ಉಳಿದವು ಹೆಚ್ಚಾಗಿ ಟಿ-ಐ-ಓ-ಎನ್. ಅಟೆಂಡ್, ಇಂಟೆಂಡ್ ಎರಡೂ ಡಿಯಲ್ಲಿ ಮುಗಿದರೂ ಟಿ ಪಕ್ಷಕ್ಕೆ ಹೋಗಿವೆ.

ಹಂತ 8: ಕನ್ನಡದ ಕಿವಿಗೆ ತಪ್ಪುವ ಎರಡು ಸದ್ದುಗಳು

ಮೊದಲನೆಯದು ಷ್ವಾ. ಒತ್ತು ಇಲ್ಲದ ಕಡೆ ಇಂಗ್ಲಿಷಿನಲ್ಲಿ ಎ, ಇ, ಓ, ಯು ಎಲ್ಲವೂ ಸೊರಗಿ ಒಂದೇ ಥರದ ಮಂಕು 'ಅ' ಆಗುತ್ತವೆ. ಆ ಮಂಕು ಸದ್ದಿನ ಹೆಸರು ಷ್ವಾ. ಡಾಕ್ಟರ್, ಟೀಚರ್, ಕ್ಯಾಲೆಂಡರ್: ಕೊನೆಯ ಸದ್ದು ಒಂದೇ, ಬರೆಯುವುದು ಓ-ಆರ್, ಇ-ಆರ್, ಎ-ಆರ್. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುತ್ತಾರೆ.

ಇದಕ್ಕೆ ನಮ್ಮ ಹತ್ತಿರ ಒಳ್ಳೆಯ ಉಪಾಯವಿದೆ. ಬರೆದ ಹಾಗೆ ಓದುವ ಅಭ್ಯಾಸ ನಮಗೆ ರಕ್ತದಲ್ಲೇ ಇದೆಯಲ್ಲ, ಅದನ್ನೇ ಬಳಸಿ. ಮನಸ್ಸಿನಲ್ಲಿ ಮಾತ್ರ, ಪದವನ್ನು ಕನ್ನಡದ ಹಾಗೆ ಓದಿಕೊಳ್ಳಿ. ಸೆಪರೇಟ್ ಅನ್ನು 'ಸೆ-ಪಾ-ರಾ-ಟೆ' ಎನ್ನಿ, ನಡುವೆ ಎ ಇದೆ ಎಂಬುದು ಮರೆಯುವುದಿಲ್ಲ. ನಾನು ಕೆಲಸದ ಅರ್ಜಿಯೊಂದರಲ್ಲಿ ಅದನ್ನು ಇ ಹಾಕಿ ಬರೆದ ಮೇಲೆ ಕಲಿತ ಪಾಠ ಇದು. ಬುಧವಾರಕ್ಕೆ 'ವೆಡ್-ನೆಸ್-ಡೇ', ವೋಡನ್ ಎಂಬ ದೇವರ ದಿನ. ಫೆಬ್ರವರಿಗೆ 'ಫೆಬ್-ರು-ಅರಿ'. ಎದುರಿಗಿದ್ದವರ ಮುಂದೆ ಹಾಗೆ ಹೇಳಬೇಡಿ, ಅಷ್ಟೇ.

ಎರಡನೆಯದು ವಿ ಮತ್ತು ಡಬ್ಲ್ಯು. ಕನ್ನಡದಲ್ಲಿ ಎರಡಕ್ಕೂ ಒಂದೇ 'ವ'. ವರ್ಬ್, ವರ್ಕ್ ಎಂದು ನಾವು ಬರೆದರೆ ವ್ಯತ್ಯಾಸವೇ ಕಾಣುವುದಿಲ್ಲ. ಇಲ್ಲಿ ಹುಟ್ಟು ನೋಡಿ. ವಿ-ಯಿಂದ ಶುರುವಾಗುವ ಪದಗಳಲ್ಲಿ ಹೆಚ್ಚಿನವು ಫ್ರೆಂಚ್, ಲ್ಯಾಟಿನ್ ಕಡೆಯವು: ವಿಸಿಟ್, ವ್ಯಾಲ್ಯೂ, ವಾಯ್ಸ್, ವಿಲೇಜ್. ಡಬ್ಲ್ಯು ಪದಗಳಲ್ಲಿ ಹೆಚ್ಚಿನವು ಹಳೆಯ ಇಂಗ್ಲಿಷಿನ ಮನೆ ಮಾತುಗಳು: ವಾಟರ್, ವಿಂಡ್, ವುಡ್, ವೈಫ್, ವರ್ಕ್. ಪ್ರಶ್ನೆ ಕೇಳುವ ವಾಟ್, ವೆನ್, ವೇರ್ ಎಲ್ಲ ಡಬ್ಲ್ಯು-ಎಚ್. ಹೇಳುವಾಗ ಡಬ್ಲ್ಯುಗೆ ತುಟಿ ಗುಂಡಗೆ ಮಾಡಿ, ವಿ-ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ. ಬಾಯಿಗೆ ಬಂದರೆ ಬೆರಳಿಗೂ ಬರುತ್ತದೆ.

ಹಂತ 9: ಅವಳಿಗಳನ್ನು ಬೇರೆ ಮಾಡಿ

ಉಚ್ಚಾರ ಒಂದೇ, ಸ್ಪೆಲಿಂಗ್ ಬೇರೆ ಇರುವ ಪದಗಳಲ್ಲಿ ಸ್ಪೆಲ್-ಚೆಕ್ ಕೈಕೊಡುತ್ತದೆ. ಎರಡೂ ಸರಿಯಾದ ಪದಗಳೇ, ಅದು ಯಾಕೆ ಕೆಂಪು ಗೆರೆ ಎಳೆಯುತ್ತದೆ? ಅಲ್ಲಿ ಎನ್ನುವ ದೇರ್ ಒಳಗೆ ಇಲ್ಲಿ ಎನ್ನುವ ಹಿಯರ್ ಇದೆ, ಎಚ್-ಇ-ಆರ್-ಇ. ಅವರ ಎನ್ನುವ ದೇರ್‌ನಲ್ಲಿ ಇ-ಐ. ಕಾಗದ, ಪೆನ್ನಿನ ಸ್ಟೇಷನರಿಗೆ ಇ, ಎನ್ವೆಲಪ್‌ನ ಇ ಅಂತ ನೆನಪಿಡಿ. ನಿಂತಲ್ಲೇ ನಿಂತ ಸ್ಟೇಷನರಿಗೆ ಎ. ಇಟ್ಸ್ ಪದದ ನಡುವೆ ಮೇಲಿನ ಚುಕ್ಕೆ, ಅಂದರೆ ಅಪಾಸ್ಟ್ರಫಿ ಹಾಕುವುದು 'ಇಟ್ ಈಸ್' ಎಂದು ಬಿಡಿಸಿ ಓದಲು ಬರುವಾಗ ಮಾತ್ರ. ಲೂಸ್ ಮತ್ತು ಲೂಜ್ ಪೂರ್ತಿ ಅವಳಿಗಳಲ್ಲ, ಆದರೂ ಜಾಸ್ತಿ ತಪ್ಪಾಗುವುದು ಇದರಲ್ಲೇ. ಸಡಿಲ ಎನ್ನುವುದಕ್ಕೆ ಎರಡು ಓ, ಕಳೆದುಕೊಳ್ಳುವುದಕ್ಕೆ ಒಂದು. ಒಂದು ಓ ಕಳೆದುಹೋಗಿದೆ ಅಂದುಕೊಳ್ಳಿ.

ಬ್ರಿಟಿಷ್ ರೂಢಿಯಲ್ಲಿ ಪ್ರಾಕ್ಟಿಸ್, ಲೈಸನ್ಸ್ ಪದಗಳಿಗೆ ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್. ಸದ್ದು ಒಂದೇ ಆದ್ದರಿಂದ ಕಷ್ಟ. ಆಗ ಅಡ್ವೈಸ್ ನೆನೆಸಿಕೊಳ್ಳಿ, ಅಲ್ಲಿ ಸದ್ದೂ ಬೇರೆಯಾಗುತ್ತದೆ: ಸಲಹೆ 'ಸ್', ಸಲಹೆ ಕೊಡುವುದು 'ಜ಼್'.

ಹಂತ 10: ಬ್ರಿಟನ್ನೋ ಅಮೆರಿಕವೋ, ಒಂದನ್ನು ಹಿಡಿಯಿರಿ

ನೋವಾ ವೆಬ್‌ಸ್ಟರ್ 1828ರಲ್ಲಿ ತಂದ ಅಮೆರಿಕನ್ ನಿಘಂಟಿನಿಂದ ಕಲರ್ ಪದದ ಯು ಇಲ್ಲದ ರೂಪ, ಸೆಂಟರ್ ಪದದ ಇ-ಆರ್ ಅಲ್ಲಿ ನೆಲೆಯಾದವು. ನಾಲಿಗೆ ಎನ್ನುವ ಅರ್ಥದ ಟಂಗ್ ಪದವನ್ನು ಟಿ-ಯು-ಎನ್-ಜಿ ಎಂದು ಬರೆಯೋಣ ಎಂದೂ ಆತ ಹೇಳಿದ. ಜನ ಅದನ್ನು ಒಪ್ಪಲಿಲ್ಲ. ಎರಡೂ ಪದ್ಧತಿ ಸರಿ. ಒಂದೇ ಪುಟದಲ್ಲಿ ಎರಡನ್ನೂ ಬೆರೆಸುವುದು ತಪ್ಪು. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಭಾಷೆಯ ಸೆಟ್ಟಿಂಗ್ ತೆರೆದು ಯಾವ ಇಂಗ್ಲಿಷ್ ಎಂದು ಆರಿಸಿಬಿಡಿ. ಇಲ್ಲದಿದ್ದರೆ ನೀವು ಸರಿಯಾಗಿ ಬರೆದದ್ದಕ್ಕೂ ಕೆಂಪು ಗೆರೆ ಬೀಳುತ್ತಿರುತ್ತದೆ.

ಎಸ್ ಬದಲು ಜೆಡ್ ಹಾಕುವವರಿಗೆ ಒಂದು ಮಾತು: ಆರ್ಗನೈಜ಼್ ಎರಡೂ ಥರ ಬರೆಯಬಹುದು, ಆದರೆ ಸಲಹೆ ಕೊಡುವ ಅಡ್ವೈಸ್, ಸರ್‌ಪ್ರೈಸ್, ಎಕ್ಸರ್‌ಸೈಸ್, ರಿವೈಸ್ ಪದಗಳಿಗೆ ಅಮೆರಿಕದಲ್ಲೂ ಎಸ್ಸೇ.

ಹಂತ 11: ನಿಮ್ಮದೇ ಪಟ್ಟಿ ಮಾಡಿ

'ಹೆಚ್ಚಾಗಿ ತಪ್ಪಾಗುವ ನೂರು ಪದಗಳು' ಥರದ ಪಟ್ಟಿಗಳಿಂದ ನನಗೆ ದೊಡ್ಡ ಉಪಯೋಗ ಆಗಲಿಲ್ಲ. ಬೇರೆಯವರ ತಪ್ಪು ನಮಗ್ಯಾಕೆ? ನೀವು ಬರೆದ ಹಳೆಯ ಮೇಲ್‌ಗಳನ್ನು ತೆಗೆಯಿರಿ. ತಪ್ಪಾದ ಪದಗಳನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿ. ಇಡೀ ಪದ ತಪ್ಪಿರುವುದಿಲ್ಲ, ಒಂದೋ ಎರಡೋ ಅಕ್ಷರ ಅಷ್ಟೇ. ಆ ಅಕ್ಷರಕ್ಕೆ ಮಾತ್ರ ಸುತ್ತು ಹಾಕಿ. ಪಕ್ಕದಲ್ಲಿ ಕಾರಣ ಒಂದೇ ಪದದಲ್ಲಿ: ಜಾಗ, ನೆಂಟ, ಒತ್ತು, ಷ್ವಾ, ಅವಳಿ. ಯಾವುದಕ್ಕೂ ಸೇರದಿದ್ದರೆ 'ಬಾಯಿಪಾಠ' ಎಂದು ಬರೆಯಿರಿ.

ಅಭ್ಯಾಸ ಹೀಗೆ ಮಾಡಿ. ಪದ ನೋಡಿ. ಮುಚ್ಚಿ. ನೆನಪಿನಿಂದ ಬರೆಯಿರಿ. ತೆಗೆದು ಹೋಲಿಸಿ. ನೋಡಿಕೊಂಡೇ ಇಪ್ಪತ್ತು ಸಲ ಬರೆದರೆ ಕೈ ನೋಯುತ್ತದೆ, ಬೇರೇನೂ ಆಗುವುದಿಲ್ಲ. ಒಂದು ಸಲಕ್ಕೆ ಹತ್ತು ಪದ ಸಾಕು. ಮಾರನೇ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಮೂರೂ ಸಲ ಸರಿಯಾದರೆ ಪಟ್ಟಿಯಿಂದ ಹೊಡೆದುಹಾಕಿ.

ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: "ಅಕರೆನ್ಸ್. ಓ-ಸಿ-ಸಿ-ಯು-ಆರ್-ಆರ್-ಇ-ಎನ್-ಸಿ-ಇ. ಎರಡನೇ ಆರ್‌ಗೆ ಸುತ್ತು. ಕಾರಣ: ಒತ್ತು." ಅದರ ಮುಂದೆ ಮೂರು ತಾರೀಖು ಇವೆ, ಎರಡರ ಪಕ್ಕದಲ್ಲಿ ಇನ್ನೂ ತಪ್ಪು ಗುರುತು.